ಅಕ್ಷರದ ಚಾವಡಿಗೆ ಪ್ರವೇಶ

ಪರವೂರಿಗೆ ಬಂದವನಿಗೆ ಮೊದಲು ಬೇಕಾಗುವುದು ಅನ್ನವೆಂದು ಹೇಳುವುದು ವಾಡಿಕೆ. ಈ ಮುಂಬಯಿಯಲ್ಲಿ ಎರಡು ದಶಕಗಳಿಗೂ ಮೇಲ್ಪಟ್ಟು ಹೋಟೆಲಿನಲ್ಲಿ ದುಡಿದು, ಹೋಟೆಲನ್ನು ನಡೆಸಿ, ಆಮೇಲೆ ಪತ್ರಿಕೆಯ ಮೇಜಿಗೆ ಬಂದು ಕುಳಿತ ನನ್ನ ಅನುಭವವು ಸ್ವಲ್ಪ ಬೇರೆಯಾಗಿದೆ. ಇಲ್ಲಿ ಅನ್ನವು ಹೇಗೋ ದೊರೆಯುತ್ತದೆ. ದೊರೆಯದಿರುವುದು ನಮ್ಮವರೊಡನೆ ನಾಲ್ಕು ಮಾತು. ಬೆಳಗಿನ ಐದರಿಂದ ರಾತ್ರಿಯ ಹನ್ನೊಂದರವರೆಗೆ ನೂರಾರು ಮಂದಿಯೊಡನೆ ಮಾತನಾಡಿದ ಮಾಣಿಯು, ಶಟರು ಎಳೆದು ಹಾಸಿಗೆ ಬಿಚ್ಚಿದಾಗ, ಆ ದಿನ ತಾನು ಆಡಿದುದೆಲ್ಲ ತಿಂಡಿಯ ಹೆಸರುಗಳೇ ಎಂಬುದನ್ನು ಕಂಡುಕೊಳ್ಳುತ್ತಾನೆ. ಕಚೇರಿಯ ಗುಮಾಸ್ತ ಬಂಧುಗಳ ಪಾಡೂ ಇದಕ್ಕಿಂತ ಹೆಚ್ಚು ಭಿನ್ನವಲ್ಲ. ಅವರ ಪಾಲಿಗೆ ತಿಂಡಿಯ ಬದಲು ಅಂಕಿಗಳು, ಅಷ್ಟೇ.

ಆದುದರಿಂದ ಇಂದು ವಾಚಕರ ಮುಂದೆ ಒಂದು ಚಾವಡಿಯ ಸಂಗತಿಯನ್ನು ಇಡಬೇಕೆಂದಿದ್ದೇನೆ. ಇದು ಕಲ್ಲು ಮಣ್ಣಿನ ಚಾವಡಿಯಲ್ಲ, ಗಣಕಯಂತ್ರದೊಳಗಿನದು. ಇಲ್ಲಿ ಚಿತ್ರವಿಲ್ಲ, ಧ್ವನಿಯಿಲ್ಲ, ಅಕ್ಷರ ಮಾತ್ರ. ಇದರ ಹೆಸರು ಇಂಟರ್‌ನೆಟ್ ರಿಲೇ ಚಾಟ್. ಬಲ್ಲವರು ಚಿಕ್ಕದಾಗಿ ಐಆರ್‌ಸಿ ಎನ್ನುತ್ತಾರೆ. ಇದರೊಳಗೆ ಚಾನೆಲ್ ಎಂದು ಕರೆಯಲ್ಪಡುವ ಸಾವಿರಾರು ಕೊಠಡಿಗಳುಂಟು. ವಾಟ್ಸಾಪ್ ಗುಂಪಿಗೆ ಸೇರಬೇಕಾದರೆ ಫೋನ್ ನಂಬರು ಬೇಕು, ಒಳಗಿನವರೊಬ್ಬರ ಕೃಪೆಯೂ ಬೇಕು. ಈ ಕೊಠಡಿಗಳಲ್ಲಿ ಹೆಚ್ಚಿನವಕ್ಕೆ ಅದಾವುದೂ ಬೇಡ. ಒಂದು ಸಾಲು ಬರೆದರೆ ಬಾಗಿಲು ತೆರೆಯುತ್ತದೆ. ಆದರೆ ಬಾಗಿಲು ದಾಟುವುದು ಬೇರೆ, ಒಳಗೆ ಕುಳಿತುಕೊಳ್ಳುವುದು ಬೇರೆ. ಈ ಭೇದವನ್ನು ಅರಿಯದೆ ನಾನು ಒಮ್ಮೆ ಪಟ್ಟ ಪಾಡನ್ನೇ ಮೊದಲು ಹೇಳುತ್ತೇನೆ.

ಇಪ್ಪತ್ತು ರೂಪಾಯಿಯ ಅರ್ಧ ತಾಸು

ಎಸ್ಸೆಸ್ಸೆಲ್ಸಿ ಮುಗಿಸಿ ಕುಂದಾಪುರದ ಕಡೆಯಿಂದ ನಾನು ಮುಂಬಯಿಗೆ ಬಂದುದು 1996ರಲ್ಲಿ. ಕೊಂಕಣ ರೈಲುಮಾರ್ಗವು ಆಗ ಇನ್ನೂ ಪೂರ್ತಿಯಾಗಿರಲಿಲ್ಲ. 1998ರ ಜನವರಿಯಲ್ಲಷ್ಟೇ ಅದು ಉದ್ದಕ್ಕೂ ತೆರೆಯಿತು. ಬಸ್ಸಿನಲ್ಲಿ ಬಂದು, ವಿಕ್ರೋಳಿ ಸ್ಟೇಷನ್ನಿನ ಸಮೀಪದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸಕ್ಕೆ ನಿಂತೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಹೊರಗಿನ ಆರ್ಡರುಗಳಿಗೆ ಚಹಾ ಒಯ್ಯುವ ಹುದ್ದೆಗೆ ಏರಿದ್ದೆ.

2000ದ ಸುಮಾರಿಗೆ ನಮ್ಮ ಸಾಲಿನಲ್ಲೇ ಒಂದು ಸೈಬರ್ ಕೆಫೆ ತೆರೆಯಿತು. ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಕಟ್ಟಿಂಗ್ ಚಹಾ ಒಯ್ಯುತ್ತಿದ್ದವನು ನಾನೇ. ಕಾಲೇಜಿನ ಹುಡುಗರು ಬಿಳಿಯ ತೆರೆಯ ಮುಂದೆ ಕುಳಿತು ಏನನ್ನೋ ಟೈಪು ಮಾಡುತ್ತ ತಮ್ಮಷ್ಟಕ್ಕೆ ನಗುತ್ತಿದ್ದರು. ಅವರು ಬಳಸುತ್ತಿದ್ದುದು ಎಮ್‌ಐಆರ್‌ಸಿ ಎಂಬ ಪ್ರೋಗ್ರಾಮು. ಲಂಡನ್ನಿನಲ್ಲಿದ್ದ ಖಾಲೆದ್ ಮರ್ದಮ್-ಬೇ ಎಂಬವರು 1995ರಲ್ಲಿ ಹೊರತಂದುದು. ಅಪರಿಚಿತರು ಮೊದಲು ಕೇಳುತ್ತಿದ್ದುದು ಎ.ಎಸ್.ಎಲ್. ಎಂಬ ಮೂರು ಅಕ್ಷರಗಳು: ವಯಸ್ಸೆಷ್ಟು, ಗಂಡೋ ಹೆಣ್ಣೋ, ಯಾವ ಊರು. ಗ್ಲಾಸು ಇಡುವ ನೆವದಿಂದ ಇದನ್ನೆಲ್ಲ ಓದಿಕೊಂಡು ನಾನೂ ಒಂದು ದಿನ ಒಳಗೆ ಹೊಗಬೇಕೆಂಬ ಆಸೆಯನ್ನು ಬೆಳೆಸಿಕೊಂಡೆ.

ವಾರದ ರಜೆಯ ದಿನ, ಎರಡು ದಿನದ ಟಿಪ್ಸಿನ ಹಣವಾದ ಇಪ್ಪತ್ತು ರೂಪಾಯಿ ಕೊಟ್ಟು ಅರ್ಧ ತಾಸು ಕೊಂಡೆ. ಕೆಫೆಯ ಯುವಕನು ಮೂಲೆಯ ಯಂತ್ರದಲ್ಲಿ ನನ್ನನ್ನು ಕೂರಿಸಿ, ನಮ್ಮ ದೇಶದ ಹೆಸರನ್ನೇ ಹೊತ್ತ ಒಂದು ದೊಡ್ಡ ಚಾನೆಲಿನೊಳಗೆ ಬಿಟ್ಟು ಹೋದ. ತೆರೆಯ ಬಲಗಡೆ ನೂರಾರು ಹೆಸರುಗಳು. ನಡುವೆ ಮಾತುಗಳು ಮಳೆಗಾಲದ ಹೊಳೆಯಂತೆ ಮೇಲಕ್ಕೆ ಓಡುತ್ತಿದ್ದವು. ಒಂದೇ ಬೆರಳಿನಿಂದ, ಇಂಗ್ಲಿಷ್ ಅಕ್ಷರಗಳಲ್ಲಿ, ಕುಂದಾಪುರದವರು ಯಾರಾದರೂ ಇದ್ದೀರಾ ಎಂದು ಬರೆದು ಒತ್ತಿದೆ. ನನ್ನ ಸಾಲು ಎಲೆಯಂತೆ ತೇಲಿ ಮರೆಯಾಯಿತು. ಯಾರೂ ಓಗೊಡಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಮೋರಿಯ ಹುಡುಗನು ಎದುರುಬಾಗಿಲಿನಿಂದ ಬಂದು ಗಿರಾಕಿಯ ಮೇಜಿನಲ್ಲಿ ಕುಳಿತರೆ ಎಲ್ಲರೂ ಹೇಗೆ ನೋಡಿಯೂ ನೋಡದಂತಿರುವರೋ ಹಾಗೆ ನನಗೆ ಅನ್ನಿಸಿತು. ಎದ್ದುಬಿಟ್ಟೆ. ಇನ್ನೂ ಇಪ್ಪತ್ತೈದು ನಿಮಿಷ ಬಾಕಿ ಉಂಟಲ್ಲ ಎಂದು ಆ ಯುವಕನು ಹಿಂದಿಯಲ್ಲಿ ಕೇಳಿದ. ಕೆಲಸವಿದೆಯೆಂದು ಸುಳ್ಳು ಹೇಳಿ ಹೊರಬಂದೆ. ಮುಂದಿನ ಹದಿನೆಂಟು ವರ್ಷ ಆ ಕಡೆ ತಲೆಹಾಕಲಿಲ್ಲ.

ಈ ಚಾವಡಿಯನ್ನು ಕಟ್ಟಿದವರು

ಫಿನ್‌ಲೆಂಡ್ ದೇಶದ ಉತ್ತರಕ್ಕೆ ಔಲು ಎಂಬ ನಗರವುಂಟು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಬೇಸಗೆಯ ಕೆಲಸಕ್ಕಿದ್ದ ಯಾರ್ಕೋ ಓಯಿಕರಿನೆನ್ ಎಂಬ ಯುವಕನು 1988ರ ಆಗಸ್ಟ್ ತಿಂಗಳಲ್ಲಿ ಇದನ್ನು ರಚಿಸಿದನು. ಇದರ ನಿಯಮಗಳನ್ನು ಆತನೂ ಡ್ಯಾರೆನ್ ರೀಡ್ ಎಂಬವನೂ ಸೇರಿ 1993ರ ಮೇ ತಿಂಗಳಲ್ಲಿ ಬರೆದು ಪ್ರಕಟಿಸಿದರು. 1991ರ ಆಗಸ್ಟಿನಲ್ಲಿ ಸೋವಿಯೆತ್ ದೇಶದಲ್ಲಿ ಕ್ಷಿಪ್ರಕ್ರಾಂತಿಯ ಯತ್ನ ನಡೆದಾಗ, ಅಲ್ಲಿನ ಸುದ್ದಿಯು ಈ ಅಕ್ಷರದ ದಾರಿಯಾಗಿ ಹೊರಜಗತ್ತಿಗೆ ಬರುತ್ತಿತ್ತು.

ನಮ್ಮ ದೇಶದಲ್ಲಿ ವಿದ್ಯಾಸಂಸ್ಥೆಗಳನ್ನು ಜೋಡಿಸುವ ಎರ್ನೆಟ್ ಎಂಬ ಜಾಲವು 1986ರಲ್ಲೇ ಆರಂಭವಾಗಿತ್ತು. ಅದರಲ್ಲಿ ಪಾಲುಗೊಂಡಿದ್ದ ಸಂಸ್ಥೆಗಳಲ್ಲಿ ವಿಕ್ರೋಳಿ ಪಾರ್ಕ್‌ಸೈಟಿನ ಗುಡ್ಡದಾಚೆಯ ಪೊವಾಯಿ ಐಐಟಿಯೂ ಒಂದು. ಸಾರ್ವಜನಿಕರಿಗೆ ಇಂಟರ್‌ನೆಟ್ಟು ದೊರೆತುದು ಮಾತ್ರ 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ವಿದ್ಯಾರ್ಥಿಗಳಿಗೆಂದು ಅಗ್ಗದ ಬೆಲೆಗೆ ದೊರೆಯುತ್ತಿದ್ದುದು ಬರೀ ಅಕ್ಷರ ತೋರುವ ಖಾತೆ, ಚಿತ್ರ ಬರುತ್ತಿರಲಿಲ್ಲ. ಅಕ್ಷರಕ್ಕೆ ಖರ್ಚು ಕಡಿಮೆ. ಇಂದಿಗೂ ಈ ಚಾವಡಿಯ ಗುಣವು ಅದೇ: ಹಳೆಯ ಯಂತ್ರ ಸಾಕು, ನಿಧಾನವಾದ ಸಂಪರ್ಕವೂ ಸಾಕು. ಟೈಪು ಬಂದರೆ ಆಯಿತು. ವಿಕ್ರೋಳಿಯಲ್ಲಿ ದೊಡ್ಡ ಕಾರ್ಖಾನೆಯನ್ನೂ ಕಾಲೊನಿಯನ್ನೂ ಹೊಂದಿರುವ ಗೋದ್ರೆಜ್ ಕಂಪೆನಿಯು 1955ರಲ್ಲಿ ಟೈಪ್‌ರೈಟರ್ ತಯಾರಿಸತೊಡಗಿ 2009ರಲ್ಲಿ ನಿಲ್ಲಿಸಿತು. ಆ ಯಂತ್ರ ಹೋದರೂ ಅದರ ಮೇಲೆ ಕಲಿತ ಬೆರಳುಗಳ ವಿದ್ಯೆಯು ಇಲ್ಲಿ ವ್ಯರ್ಥವಾಗದು.

ಹೊಗುವ ಬಗೆ

ಮೊದಲು ಒಂದು ಕ್ಲೈಯಂಟ್ ಬೇಕು. ಅಂದರೆ ಚಾವಡಿಗೆ ಹೋಗಿಬರುವ ಪ್ರೋಗ್ರಾಮು. ಅಕ್ಷರಮಾತ್ರದ ತೆರೆಯಲ್ಲಿ ನಡೆಯುವ ಪ್ರಸಿದ್ಧವಾದವು ಎರಡು: 1999ರಲ್ಲಿ ಬಂದ ಇರ್‌ಸ್ಸಿ ಮತ್ತು 2003ರಲ್ಲಿ ಬಂದ ವೀಚಾಟ್. ಎರಡಕ್ಕೂ ಬೆಲೆಯಿಲ್ಲ. ಇವುಗಳನ್ನು ಹಾಕಿಕೊಳ್ಳಲು ಅನುಕೂಲವಿಲ್ಲದವರು ಬ್ರೌಸರಿನ ಮೂಲಕವೇ ಹೋಗಬಹುದು.

ಎರಡನೆಯದಾಗಿ, ಯಾವ ಜಾಲಕ್ಕೆ ಹೋಗಬೇಕೆಂಬುದನ್ನು ನಿಶ್ಚಯಿಸಬೇಕು. ಐಆರ್‌ಸಿ ಎಂಬುದು ಒಂದೇ ಕಟ್ಟಡವಲ್ಲ. ಇಎಫ್‌ನೆಟ್, ಅಂಡರ್‌ನೆಟ್, ಡಾಲ್‌ನೆಟ್, ಲಿಬೆರಾ ಚಾಟ್ ಹೀಗೆ ಹಲವು ಜಾಲಗಳುಂಟು. ಒಂದು ಜಾಲದ ಚಾನೆಲಿಗೂ ಇನ್ನೊಂದರ ಅದೇ ಹೆಸರಿನ ಚಾನೆಲಿಗೂ ಸಂಬಂಧವಿಲ್ಲ. ದಾದರಿನಲ್ಲಿಯೂ ಮುಲುಂಡಿನಲ್ಲಿಯೂ ಒಂದೇ ಹೆಸರಿನ ಹೋಟೆಲಿದ್ದರೆ ಮಾಲಿಕನು ಒಬ್ಬನೇ ಎಂದು ತಿಳಿಯಬಾರದಲ್ಲವೇ?

ಮೂರನೆಯದು ಹೆಸರು. ಇದಕ್ಕೆ ನಿಕ್ ಎನ್ನುತ್ತಾರೆ. ಇಟ್ಟುಕೊಂಡುದೇ ಹೆಸರು, ಆಧಾರ್ ಕಾರ್ಡು ಕೇಳುವವರಿಲ್ಲ. ಅದೇ ಹೆಸರಿನವರು ಆಗಲೇ ಒಳಗಿದ್ದರೆ ಮಾತ್ರ ಬೇರೆಯದನ್ನು ಆರಿಸಬೇಕು.

ಇನ್ನು ಮುಖ್ಯವಾದ ಸಾಲು. ಮೊದಲು ಒಂದು ಓರೆಗೆರೆ, ಅದಕ್ಕೆ ತಾಗಿ ಜಾಯಿನ್ ಎಂಬ ಮಾತು, ಒಂದು ತೆರಪು, ಆಮೇಲೆ ಚಾನೆಲಿನ ಹೆಸರು. ಹೆಸರಿನ ಮುಂದೆ # ಎಂಬ ಜಾಲರಿಯ ಗುರುತು ಇರಬೇಕು. ಉದಾಹರಣೆಗೆ: /ಜಾಯಿನ್ #ಸ್ಕ್ರೈಬಸ್. ಇಲ್ಲಿ ಕನ್ನಡದಲ್ಲಿ ಅಚ್ಚಾಗಿರುವುದನ್ನು ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತಕ್ಕದ್ದು. ಚಾನೆಲಿನ ಹೆಸರಿನ ನಡುವೆ ತೆರಪಾಗಲಿ ಅಲ್ಪವಿರಾಮವಾಗಲಿ ಬರಕೂಡದು. ಲಿಬೆರಾ ಚಾಟಿನಲ್ಲಿ ಒಂದು # ಇದ್ದರೆ ಆ ಸಂಸ್ಥೆಯವರೇ ನಡೆಸುವ ಚಾನೆಲೆಂದೂ, ಎರಡು # ಇದ್ದರೆ ಆ ವಿಷಯದಲ್ಲಿ ಆಸಕ್ತರಾದ ಬೇರೆಯವರು ನಡೆಸುವುದೆಂದೂ ತಿಳಿಯಬೇಕು.

ಈ ಸಾಲು ಹೋದೊಡನೆ ಸರ್ವರು ಮೂರು ಕೆಲಸ ಮಾಡುತ್ತದೆ. ನೀವು ಬಂದಿರೆಂದು ಒಳಗಿನವರಿಗೆಲ್ಲ ಸಾರುತ್ತದೆ. ಆ ದಿನದ ವಿಷಯವೇನೆಂಬ ಫಲಕವಿದ್ದರೆ ಅದನ್ನು ನಿಮಗೆ ತೋರಿಸುತ್ತದೆ. ಒಳಗಿರುವವರ ಹೆಸರಿನ ಪಟ್ಟಿಯನ್ನು ಕೊಡುತ್ತದೆ. ಹೆಸರಿನ ಮುಂದೆ @ ಗುರುತಿದ್ದವರು ಚಾನೆಲಿನ ಯಜಮಾನರು. ಅನುಚಿತವಾಗಿ ನಡೆದವರನ್ನು ಹೊರಗೆ ಹಾಕುವ ಅಧಿಕಾರ ಅವರಿಗುಂಟು. ಹೊರಡುವಾಗ ಓರೆಗೆರೆಯ ಬೆನ್ನಿಗೆ ಪಾರ್ಟ್ ಎಂದು ಬರೆದರೆ ಆ ಚಾನೆಲಿನಿಂದಲೂ, ಕ್ವಿಟ್ ಎಂದು ಬರೆದರೆ ಜಾಲದಿಂದಲೇ ಹೊರಬರುತ್ತೀರಿ.

ಕೆಲವೊಮ್ಮೆ ಬಾಗಿಲು ತೆರೆಯದು. ಅದಕ್ಕೆ ಕಾರಣವನ್ನು ಸರ್ವರೇ ಹೇಳುತ್ತದೆ: ಜಾಗ ಭರ್ತಿಯಾಗಿದೆ, ಆಹ್ವಾನ ಬೇಕು, ಗುಟ್ಟಿನ ಮಾತು ಬೇಕು, ನಿಮ್ಮನ್ನು ತಡೆಯಲಾಗಿದೆ, ಅಥವಾ ಮೊದಲು ಹೆಸರನ್ನು ನೋಂದಾಯಿಸಿಕೊಳ್ಳಿ. ಕೊನೆಯದು ಈಚೆಗೆ ಸಾಮಾನ್ಯ. ಇದನ್ನು ಕಂಡು ಅವಮಾನವಾಯಿತೆಂದು ಯಾರೂ ತಿಳಿಯಬಾರದು. ಪುಂಡರ ಹಾವಳಿಯಿಂದ ಚಾನೆಲನ್ನು ಕಾಯುವ ಉಪಾಯವಷ್ಟೇ.

ಇನ್ನೊಂದು ಸಂಗತಿಯುಂಟು. ಸರ್ವರುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮಾತನ್ನು ದಾಟಿಸುತ್ತವೆ. ನಡುವೆ ಒಂದು ಕೊಂಡಿ ಕಳಚಿತೆಂದರೆ ಚಾನೆಲಿನ ಅರ್ಧ ಮಂದಿ ಒಮ್ಮೆಲೇ ಕಾಣೆಯಾಗುತ್ತಾರೆ. ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತ ದಿನ ವಿಕ್ರೋಳಿಯವರು ಒಂದು ಕಡೆ, ದಾದರಿನವರು ಇನ್ನೊಂದು ಕಡೆ ಉಳಿಯುವುದಿಲ್ಲವೇ, ಹಾಗೆ. ಯಾರೂ ಮುನಿಸಿಕೊಂಡು ಎದ್ದುಹೋದುದಲ್ಲ. ಕೊಂಡಿ ಕೂಡಿದೊಡನೆ ಎಲ್ಲರೂ ಮರಳಿ ಬರುತ್ತಾರೆ.

ಕೇಳಿದ ಮೇಲೆ ಕಾಯಬೇಕು

2018ರಲ್ಲಿ ನಾನು ಹೋಟೆಲನ್ನು ನಡೆಸುತ್ತಲೇ, ನಮ್ಮ ಕಡೆಯ ಒಂದು ಸಂಘದ ಸ್ಮರಣ ಸಂಚಿಕೆಯ ಹೊಣೆಯನ್ನು ಹೊತ್ತುಕೊಂಡಿದ್ದೆ. ಪುಟಗಳನ್ನು ಜೋಡಿಸುವ ಪ್ರೋಗ್ರಾಮಿಗೆ ಕೊಡುವಷ್ಟು ಹಣ ಸಂಘದ ಕೈಯಲ್ಲಿರಲಿಲ್ಲ. ಹೋಟೆಲಿನ ಲೆಕ್ಕ ಬರೆಯುತ್ತಿದ್ದ ಗುಮಾಸ್ತ ಹುಡುಗ, ಗದಗಿನ ಕಡೆಯವನು, ಸ್ಕ್ರೈಬಸ್ ಎಂಬ ಬೆಲೆಯಿಲ್ಲದ ಪ್ರೋಗ್ರಾಮನ್ನು ತಂದು ಹಾಕಿದ. ಅಚ್ಚಿಗೆ ಕೊಡಲು ಎರಡೇ ದಿನ ಉಳಿದಿರಲು, ರಾತ್ರಿ ಹನ್ನೊಂದೂವರೆಗೆ ಅವನು ಗಲ್ಲಾದ ಬಳಿ ಬಂದು ನಿಂತ.

“ಅಣ್ಣಾರ, ಒತ್ತಕ್ಷರ ಎಲ್ಲಾ ಬಿಚ್ಚಿ ಬಿದ್ದಾವ್ರೀ.”

ಹೋಗಿ ನೋಡಿದೆ. ರಾಷ್ಟ್ರ ಎಂಬ ಮಾತಿನ ಒತ್ತುಗಳು ಕೆಳಗೆ ಕೂರದೆ, ಸಾಲಿನಲ್ಲಿ ಒಂದರ ಪಕ್ಕ ಒಂದು ನಿಂತಿದ್ದವು. ಎಲ್ಲ ಪುಟಗಳಲ್ಲೂ ಅದೇ ಕಥೆ. ಹಿರಿಯರ ಶ್ರದ್ಧಾಂಜಲಿಯ ಲೇಖನಗಳು, ರಾತ್ರಿಶಾಲೆಯ ಮಕ್ಕಳ ಪದ್ಯಗಳು, ಜಾಹೀರಾತು ಕೊಟ್ಟವರ ಹೆಸರುಗಳು, ಒಂದೂ ಓದುವಂತಿರಲಿಲ್ಲ. ಹುಡುಗನು, ಐಆರ್‌ಸಿಯಲ್ಲಿ ಈ ಪ್ರೋಗ್ರಾಮಿನವರದೇ ಒಂದು ಚಾನೆಲುಂಟು, ಕೇಳಿ ನೋಡೋಣ ಎಂದ. ನನಗೆ ಹದಿನೆಂಟು ವರ್ಷದ ಹಿಂದಿನ ಮೂಲೆಯ ಯಂತ್ರ ನೆನಪಾಯಿತು. ಆದರೂ ಬೇರೆ ದಾರಿಯಿರಲಿಲ್ಲ.

ಅವನು ಒಳಹೊಕ್ಕು ಸುತ್ತುಬಳಸಿಲ್ಲದೆ ಬರೆದ: ಕನ್ನಡದ ಒತ್ತಕ್ಷರಗಳು ಒಡೆದು ಬರುತ್ತಿವೆ, ಪ್ರೋಗ್ರಾಮಿನ ಆವೃತ್ತಿ 1.4, ಅಕ್ಷರಮಾದರಿ ಇಂಥದು, ಏನು ಮಾಡಬೇಕು? ಐದು ನಿಮಿಷ ಕಳೆಯಿತು. ಮೂವತ್ತಕ್ಕೂ ಮೇಲ್ಪಟ್ಟು ಹೆಸರುಗಳು ಪಟ್ಟಿಯಲ್ಲಿದ್ದರೂ ಒಂದು ಸಾಲೂ ಬರಲಿಲ್ಲ. ಕೆಲಸದ ಆಳುಗಳು ಮೇಜಿನ ಮೇಲೆ ಕುರ್ಚಿ ಏರಿಸಿ ನೆಲ ಒರೆಸುತ್ತಿದ್ದರು. ನಾನು ಬೇಸರದಿಂದ, “ಸಾಕು ಮಾರಾಯ, ಮುಚ್ಚು” ಎಂದೆ. ಅವನು ಮುಚ್ಚಲಿಲ್ಲ.

“ಅವರು ಪ್ಯಾಟಿಗೆ ಹೋಗಿರ್ತಾರ, ಉಣ್ಣಾಕ ಕುಂತಿರ್ತಾರ. ನಾವ್ ಎದ್ದ್ ಹೋದ್ರ ಅವರು ಯಾರಿಗೆ ಹೇಳ್ಬೇಕ್ರೀ?”

ನಲವತ್ತು ನಿಮಿಷವಾದ ಬಳಿಕ ಒಂದು ಹೆಸರು ಮಾತನಾಡಿತು. 1.4ರ ಸರಣಿಗೆ ಭಾರತೀಯ ಲಿಪಿಗಳನ್ನು ಜೋಡಿಸುವ ಶಕ್ತಿಯಿಲ್ಲವೆಂದೂ, 2017ರಲ್ಲಿ ಬಂದ 1.5.3ರಿಂದೀಚೆಗೆ ಅದನ್ನು ಸೇರಿಸಲಾಗಿದೆಯೆಂದೂ ತಿಳಿಸಿತು. ಅದು ಪರೀಕ್ಷೆಯ ಆವೃತ್ತಿ, ಅದರಲ್ಲಿ ಉಳಿಸಿದ ಕಡತವು ಹಳೆಯದರಲ್ಲಿ ತೆರೆಯದು, ಆದುದರಿಂದ ಮೊದಲು ಪ್ರತಿ ತೆಗೆದಿಟ್ಟುಕೊಳ್ಳಿರಿ ಎಂಬ ಎಚ್ಚರಿಕೆಯನ್ನೂ ಕೊಟ್ಟಿತು. ರಾತ್ರಿ ಎರಡು ಗಂಟೆಗೆ ರಾಷ್ಟ್ರ ಎಂಬ ಮಾತು ಒತ್ತುಗಳೊಡನೆ ನೆಟ್ಟಗೆ ನಿಂತಿತು. ಆ ಉಪಕಾರಿಯು ಯಾವ ದೇಶದವರೋ, ಗಂಡೋ ಹೆಣ್ಣೋ, ಇಂದಿಗೂ ನನಗೆ ತಿಳಿಯದು. ನಾವು ಕೇಳಲಿಲ್ಲ, ಅವರೂ ನಮ್ಮನ್ನು ಕೇಳಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಈ ಚಾವಡಿಯ ಒಂದು ಕಟ್ಟಳೆಯನ್ನು ಹುಡುಗನು ಹೇಳಿದ್ದ: ಸಾಮಾನ್ಯವಾಗಿ ನೀವು ಬರುವ ಮೊದಲು ಆಡಿದ ಮಾತು ನಿಮಗೆ ಕಾಣದು, ಎದ್ದುಹೋದ ಮೇಲೆ ಆಡಿದುದೂ ಕಾಣದು. ಹಾಗಾದರೆ 2000ದ ಆ ದಿನ, ನಾನು ಕುರ್ಚಿ ಬಿಟ್ಟೆದ್ದ ಮೂರನೆಯ ನಿಮಿಷದಲ್ಲಿ, ಯಾರಾದರೂ ಕುಂದಾಪುರದವರು “ಇದ್ದೇನೆ” ಎಂದು ಬರೆದಿರಬಹುದಲ್ಲವೇ? ಬರೆದಿದ್ದರೆ, ಆ ಮಾತಿಗೆ ಓಗೊಡದೆ ಹೋದವನು ನಾನೇ.

ರಾತ್ರಿಶಾಲೆಯ ಇನ್ನೊಂದು ಬಗೆ

ಬರೀ ಹರಟೆಗಾಗಿ ಈ ಚಾನೆಲುಗಳು ಇರುವುದೆಂದು ತಿಳಿಯಬಾರದು. ಪಶ್ಚಿಮ ಬಂಗಾಳದ ದುರ್ಗಾಪುರದಲ್ಲಿ ಕುಶಲ್ ದಾಸ್ ಎಂಬವರು ಆರಂಭಿಸಿದ ಲಿನಕ್ಸ್ ಬಳಕೆದಾರರ ಸಂಘವೊಂದುಂಟು, ಚಿಕ್ಕದಾಗಿ ಡಿಜಿಪ್ಲಗ್. ಈ ಸಂಘವು 2008ರಿಂದ ಐಆರ್‌ಸಿ ಚಾನೆಲಿನಲ್ಲೇ ಬೇಸಗೆಯ ಪಾಠಗಳನ್ನು ಉಚಿತವಾಗಿ ನಡೆಸಿ ಹಲವರಿಗೆ ಪ್ರೋಗ್ರಾಮಿಂಗ್ ಕಲಿಸಿದೆ. ಪಾಠದ ಆರಂಭದಲ್ಲಿ ಹಾಜರಿ ಕೂಗುತ್ತಿದ್ದರು. ಪ್ರತಿಯೊಬ್ಬರೂ ಹೆಸರು ಬರೆಯಬೇಕಿತ್ತು. ಸಂದೇಹವಿದ್ದವರು ಆಶ್ಚರ್ಯಸೂಚಕ ಚಿಹ್ನೆಯೊಂದನ್ನು ಒತ್ತಿ ತಮ್ಮ ಸರದಿಗೆ ಕಾಯಬೇಕಿತ್ತು. ಹೋಟೆಲಿನ ಕೆಲಸ ಮುಗಿಸಿ ರಾತ್ರಿಶಾಲೆಯ ಬೆಂಚಿನ ಮೇಲೆ ಕೈಯೆತ್ತಿ ಕುಳಿತ ನಮ್ಮ ಹಿರಿಯರಿಗೆ ಇದೇನೂ ಹೊಸತಲ್ಲ.

ಕನ್ನಡದಲ್ಲಿ ಬರೆಯಬಹುದೇ ಎಂದು ಕೆಲವರು ಕೇಳಿಯಾರು. ಧಾರಾಳವಾಗಿ ಬರೆಯಬಹುದು. ಆದರೆ ಒಂದು ಇಕ್ಕಟ್ಟುಂಟು. ಐಆರ್‌ಸಿಯ ಮೂಲ ನಿಯಮದಂತೆ ಒಂದು ಸಾಲಿಗೆ 512 ಬೈಟುಗಳ ಮಿತಿ. ವಿಳಾಸ ಮೊದಲಾದುವೂ ಅದರೊಳಗೇ ಹಿಡಿಯಬೇಕು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು; ಕನ್ನಡದಲ್ಲಿ ಅಕ್ಷರಕ್ಕೂ ಸ್ವರಚಿಹ್ನೆಗೂ ಬೇರೆಬೇರೆಯಾಗಿ ಮೂರು ಮೂರು, ಒತ್ತಿಗೆ ಆರು. ರಾಷ್ಟ್ರ ಎಂಬ ಪುಟ್ಟ ಮಾತೊಂದೇ 21 ಬೈಟುಗಳನ್ನು ತಿನ್ನುತ್ತದೆ. ಆದುದರಿಂದ ಕನ್ನಡದಲ್ಲಿ ಬರೆಯುವವರು ಚಿಕ್ಕ ಸಾಲುಗಳಲ್ಲಿ ಬರೆಯುವುದು ಲೇಸು. ಉದ್ದವಾದರೆ ಸಾಲು ತುಂಡಾಗುವ ಸಂಭವವುಂಟು.

ನಾಲ್ಕು ಎಚ್ಚರಿಕೆಯ ಮಾತುಗಳು

ಒಂದು: ಬಾಗಿಲು ತೆರೆದಿರುವ ಕಡೆ ಕಳ್ಳನೂ ಬರುತ್ತಾನೆ. ಗಲ್ಫಿನ ವೀಸಾ, ಹಡಗಿನ ಕೆಲಸ ಎಂದು ಮುಂಗಡ ಹಣ ಕೇಳುವವರನ್ನು ನಂಬದಿರಿ. ಫೋನ್ ನಂಬರು, ಬ್ಯಾಂಕಿನ ಖಾತೆ, ಓಟಿಪಿ ಇವುಗಳನ್ನು ಯಾರಿಗೂ ಕೊಡದಿರಿ. ಎರಡು: ಕೆಲವು ಜಾಲಗಳಲ್ಲಿ ನಿಮ್ಮ ಸಂಪರ್ಕದ ಐಪಿ ವಿಳಾಸವು ಇತರರಿಗೆ ಕಾಣುತ್ತದೆ, ಆಡಿದ ಮಾತನ್ನು ಯಾರಾದರೂ ಬರೆದಿಟ್ಟುಕೊಳ್ಳಲೂಬಹುದು. ಧನಿಗಳನ್ನು ಬಯ್ಯುವ ಮೊದಲು ಇದನ್ನು ನೆನೆಯಿರಿ. ಮೂರು: ಹೆಸರನ್ನು ನೋಂದಾಯಿಸಿದವರು ಗುಟ್ಟಿನ ಮಾತನ್ನು ಬರೆಯುವಾಗ ಓರೆಗೆರೆಯ ಮುಂದೆ ತೆರಪು ಬಿಟ್ಟರೆ, ಆ ಗುಟ್ಟು ಚಾನೆಲಿನವರಿಗೆಲ್ಲ ಕಾಣುವ ಅಪಾಯವುಂಟು. ನಾಲ್ಕು: ಒಂದು ಪ್ರಶ್ನೆ ಕೇಳಲೇ ಎಂದು ಅನುಮತಿ ಬೇಡುತ್ತ ಕೂರಬೇಡಿರಿ. ಪ್ರಶ್ನೆಯನ್ನೇ ಕೇಳಿರಿ. ಅದನ್ನೇ ಹತ್ತು ಸಲ ಬರೆದು ಪೀಡಿಸಲೂ ಬೇಡಿರಿ.

ಮೊದಲು ಬಂದವನೇ ಯಜಮಾನ

ಕೊನೆಯದಾಗಿ ನನಗೆ ಬಹಳ ಹಿಡಿಸಿದ ಸಂಗತಿಯೊಂದನ್ನು ಹೇಳಬೇಕು. ಯಾರೂ ಇಲ್ಲದ ಹೆಸರನ್ನು ಬರೆದು ಜಾಯಿನ್ ಎಂದರೆ ಬಾಗಿಲು ಮುಚ್ಚಿದೆಯೆಂಬ ಉತ್ತರ ಬರುವುದಿಲ್ಲ. ಆ ಕ್ಷಣದಲ್ಲಿ ಆ ಹೆಸರಿನ ಚಾನೆಲು ಹುಟ್ಟುತ್ತದೆ. ಮೊದಲು ಹೊಕ್ಕವನ ಹೆಸರಿಗೆ @ ಗುರುತು ಬೀಳುತ್ತದೆ. ಕೊನೆಯವನು ಎದ್ದುಹೋದೊಡನೆ, ನೋಂದಾಯಿಸಿರದಿದ್ದರೆ, ಚಾನೆಲೇ ಇಲ್ಲವಾಗುತ್ತದೆ. ಕೂತವರಿರುವಷ್ಟು ಕಾಲ ಮಾತ್ರ ಅದು ಉಂಟು.

ಇದು ಬರೀ ಗಣಕದ ನಿಯಮವಲ್ಲ. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಎಂಬ ದೊಡ್ಡ ಜಾಲದ ಒಡೆತನದ ವಿಷಯದಲ್ಲಿ ವ್ಯಾಜ್ಯ ಎದ್ದಾಗ, ಅದನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು ಹೊರಬಂದು ಲಿಬೆರಾ ಚಾಟ್ ಎಂಬ ಹೊಸ ಜಾಲವನ್ನು ಕಟ್ಟಿದರು. ನೂರಾರು ಚಾನೆಲುಗಳ ಜನರು ಅದೇ ಹೆಸರನ್ನು ಹೊತ್ತು ಅಲ್ಲಿಗೆ ನಡೆದರು. ನಮ್ಮ ಸಂಚಿಕೆಗೆ ಉತ್ತರ ದೊರೆತ ಸ್ಕ್ರೈಬಸ್ ಚಾನೆಲೂ ಈಗ ಅಲ್ಲಿಯೇ ಉಂಟು. ಬೋರ್ಡು ಮಾಲಿಕನದಾದರೂ ಗಿರಾಕಿಯು ಮಾಲಿಕನ ಸೊತ್ತಲ್ಲವೆಂಬುದು ಹೋಟೆಲಿನವರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಈ ನಗರದ ನಮ್ಮ ಸಂಘಗಳೂ ಹೋಟೆಲಿನ ಮಾಳಿಗೆಯ ಮೇಲೆ, ಚಾಳಿನ ಒಂದು ಕೋಣೆಯಲ್ಲಿ, ಇಬ್ಬರು ಮೂವರು ಕುಳಿತುದರಿಂದಲೇ ಬೆಳೆದು ಬಂದವು. ಆದುದರಿಂದ ಓದುಗ ಬಂಧುಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮೂವರು ನಾಲ್ವರು ಗೆಳೆಯರು ಸೇರಿ ಒಂದು ಹೆಸರನ್ನೂ ವಾರಕ್ಕೊಂದು ಹೊತ್ತನ್ನೂ ಗೊತ್ತುಮಾಡಿಕೊಳ್ಳಿರಿ. ಶಟರು ಎಳೆದ ಮೇಲೆ ಅರ್ಧ ತಾಸು ಅಲ್ಲಿ ಕುಳಿತುಕೊಳ್ಳಿರಿ. ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬನು ಎಂದಾದರೂ ಆ ಬಾಗಿಲು ತಟ್ಟಿ, ನಮ್ಮವರು ಯಾರಾದರೂ ಇದ್ದೀರಾ ಎಂದು ಕೇಳಿಯಾನು. ಅವನು ಎರಡೇ ನಿಮಿಷದಲ್ಲಿ ಎದ್ದುಹೋಗುವ ಮೊದಲು, ಇದ್ದೇವೆ ಎಂದು ಯಾರಾದರೂ ಬರೆಯಬೇಕು.